ಅಪ್‌ಡೇಟ್: ಕೂಲಂಟ್ ಮಾಯವಾಗುತ್ತಿದ್ದ ದಾರಿ ಸಿಕ್ಕಿತು

ಹಳೆಯ ಕಾರಿನ ಎಂಜಿನ್ ಅತಿಯಾಗಿ ಕಾಯುತ್ತಿದೆ, ವಾರಕ್ಕೆ ಅರ್ಧ ಲೀಟರ್ ಕೂಲಂಟ್ (ಎಂಜಿನ್ ತಣಿಸುವ ದ್ರವ) ಖಾಲಿಯಾಗುತ್ತಿದೆ, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಕತೆ ಇದು. ಹೆಡ್ ಗ್ಯಾಸ್ಕೆಟ್ (ಸಿಲಿಂಡರಿನ ಹೊಗೆ ಮತ್ತು ಕೂಲಂಟ್ ಬೆರೆಯದಂತೆ ತಡೆಯುವ ಎಂಜಿನ್ ಒಳಗಿನ ಪದರ) ಹೋಗಿರಬೇಕು ಎಂದು ಹಲವರು ಹೇಳಿದಾಗ ಎದೆ ಧಸಕ್ಕೆಂದಿತ್ತು. ರೇಡಿಯೇಟರ್ ಬಾಯಿಗೆ ನೀಲಿ ದ್ರಾವಣವಿಟ್ಟು ಪರೀಕ್ಷಿಸಿದೆವು. ಸಿಲಿಂಡರಿನ ಹೊಗೆ ಕೂಲಂಟಿಗೆ ನುಗ್ಗುತ್ತಿದ್ದರೆ ಅದು ಹಳದಿಗೆ ತಿರುಗಬೇಕಿತ್ತು, ನೀಲಿಯಾಗಿಯೇ ಉಳಿಯಿತು.

ಕಳ್ಳ ಅಡಗಿದ್ದದ್ದು ಕೂಲಂಟನ್ನು ಎಂಜಿನ್ ಸುತ್ತ ಓಡಿಸುವ ವಾಟರ್ ಪಂಪಿನಲ್ಲಿ. ಅದರ ಅಡಿಯ ಪುಟ್ಟ ರಂಧ್ರದ ಸುತ್ತ ಉಪ್ಪು ಕಟ್ಟಿದಂತೆ ಹಸಿರು ಪುಡಿ ಒಣಗಿ ಕೂತಿತ್ತು. ತಣ್ಣಗಿದ್ದ ಎಂಜಿನ್‌ಗೆ ಕೈಪಂಪಿನಿಂದ ಒತ್ತಡ ಕೊಟ್ಟಾಗ ಕಣ್ಣೆದುರೇ ಹನಿ ಮೂಡಿತು. ಓಡುವಾಗ ಅದು ಕಾದ ಲೋಹದ ಮೇಲೆ ಬಿದ್ದು ಆವಿಯಾಗುತ್ತಿತ್ತು. ನೆಲದಲ್ಲಿ ಹುಡುಕಿದರೆ ಸಿಗುವುದೆಲ್ಲಿ!

ಪಂಪ್, ಶಾಖಕ್ಕೆ ತಕ್ಕಂತೆ ಕೂಲಂಟ್ ಹರಿವನ್ನು ಬಿಡುವ ಥರ್ಮೋಸ್ಟ್ಯಾಟ್, ರಬ್ಬರ್ ಬಿರಿದಿದ್ದ ರೇಡಿಯೇಟರ್ ಮುಚ್ಚಳ ಮೂರನ್ನೂ ಬದಲಿಸಿದೆ. ಮರುದಿನವೇ ಎಂಜಿನ್ ಶಾಖ ತೋರಿಸುವ ಮುಳ್ಳು ಮತ್ತೆ ಮೇಲೇರಿತು. ತಪ್ಪು ನನ್ನದೇ, ಒಳಗೆ ಸಿಕ್ಕಿಕೊಂಡಿದ್ದ ಗಾಳಿಯನ್ನು ಹೊರಗೆ ಬಿಟ್ಟಿರಲಿಲ್ಲ. ಎಂಜಿನ್ ಪೂರ್ತಿ ತಣಿದ ಮೇಲೆ ಮುಚ್ಚಳ ತೆಗೆದು, ಹೀಟರನ್ನು ಬಿಸಿಯ ಕೊನೆಗೆ ತಿರುಗಿಸಿ, ಗುಳ್ಳೆಗಳು ನಿಲ್ಲುವ ತನಕ ಎಂಜಿನ್ ಚಾಲೂ ಇಟ್ಟು ಕೂಲಂಟ್ ತುಂಬಿಸಿದೆ. ಈಗ ಮೂರು ವಾರವಾಯಿತು. ಮುಳ್ಳು ಅರ್ಧದಲ್ಲೇ ನಿಂತಿದೆ, ಕೂಲಂಟ್ ಟ್ಯಾಂಕಿನ ಮಟ್ಟ ಗೆರೆ ಬಿಟ್ಟು ಕದಲಿಲ್ಲ.