ಕಟಿಂಗ್ ಮ್ಯಾಟಿನ ಗೆರೆಗಳಲ್ಲಿ ಎಳೆ ಸಿಕ್ಕಿಕೊಂಡಿದೆ, ಮೂಲೆಯೂ ಎದ್ದಿದೆ

ಕೌದಿ_ಕಲಬುರಗಿ:
ಎ2 ಅಳತೆಯ ಹಸಿರು ಸೆಲ್ಫ್ ಹೀಲಿಂಗ್ ಮ್ಯಾಟ್ (ಬ್ಲೇಡಿನ ಸೀಳು ತಾನೇ ಕೂಡಿಕೊಳ್ಳುವಂಥದ್ದು), 45 ಎಂಎಂ ರೋಟರಿ ಕಟರ್ (ಉರುಳುವ ಗುಂಡು ಬ್ಲೇಡಿನದು). ಕೌದಿಗಾಗಿ ಕತ್ತರಿಸುವುದು ಹೆಚ್ಚಾಗಿ ಹಳೆಯ ಕಾಟನ್ ಸೀರೆ, ಧೋತರ. ನಡುವಿನ ಪದರಕ್ಕೆ ಪಾಲಿಯೆಸ್ಟರ್ ವ್ಯಾಡಿಂಗ್. ಕಟರ್ ಓಡಿದ ಗೆರೆಗಳಲ್ಲಿ ಬಿಳಿ ಎಳೆಗಳು ಕೂತಿವೆ, ಒದ್ದೆ ಬಟ್ಟೆಯಿಂದ ಒರೆಸಿದರೂ ಬರುತ್ತಿಲ್ಲ. ಬೋರ್ ನೀರಿನ ಬಿಳಿ ಕಲೆ ಬೇರೆ. ಕೋಣೆಗೆ ತಗಡಿನ ಮಾಡು. ಬೇಸಿಗೆಯಲ್ಲಿ ಒಂದು ಮೂಲೆ ಎದ್ದು ಅಲ್ಲಿ ಸ್ಕೇಲ್ ಕೂರುತ್ತಿಲ್ಲ. ಬಿಸಿನೀರು ಹಾಕಿ ತಿಕ್ಕಬಹುದೇ? ಮೂಲೆಗೆ ಇಸ್ತ್ರಿ ಆಡಿಸಬಹುದೇ?

ಸೂಜಿದಾರ:
ಇಸ್ತ್ರಿ ಬ್ಯಾಡೇ ಬ್ಯಾಡ್ರಿ. ಬಿಸಿನೀರೂ ಬ್ಯಾಡ. ಮ್ಯಾಟ್ ಅಂದ್ರ ಪಿವಿಸಿ, ಕಾವು ಹತ್ತಿದ್ರ ಡೊಂಕಾಗ್ತದ.

ಮೊದಲು ಒಣಗಿದ್ದಾಗನೇ ಪೆನ್ಸಿಲ್ ರಬ್ಬರ್ ತಗೊಂಡು ಗೆರಿಗೆ ಅಡ್ಡ ತಿಕ್ರಿ. ಉದ್ದಕ್ಕ ತಿಕ್ಕಿದ್ರ ಎಳಿ ಒಳಗ ಮಲಗ್ತದ, ಅಡ್ಡ ತಿಕ್ಕಿದ್ರ ಮ್ಯಾಲ ಏಳ್ತದ. ಎದ್ದಿದ್ದನ್ನ ಪ್ಯಾಕಿಂಗ್ ಟೇಪಿನ ಅಂಟಿನ ಕಡಿಂದ ಒತ್ತಿ ತೆಗೀರಿ. ಆಮ್ಯಾಲ 4 ಲೀಟರ್ ತಣ್ಣೀರಿಗೆ 60 ಎಂಎಲ್ ಬಿಳಿ ವಿನೆಗರ್, ಪಾತ್ರೆ ತೊಳೆಯೋ ಲಿಕ್ವಿಡ್ ನಾಕು ಹನಿ. ಮ್ಯಾಟ್ ಮಡಚದಂಗ ಹಿಡಿಯೋ ಟಬ್ ಇಲ್ಲಂದ್ರ ಬಚ್ಚಲದಾಗ ಸಪಾಟಾಗಿ ಹಾಸಿ, ಈ ನೀರಾಗ ಅದ್ದಿದ ಹಳೇ ಟವೆಲ್ ಮ್ಯಾಲ ಹೊಚ್ಚಿ 15-20 ನಿಮಿಷ ಬಿಡ್ರಿ. ಮೆತ್ತನ ಬ್ರಶ್ಶಿಲೆ ಗುಂಡಗ ತಿಕ್ಕಿ, ತೊಳದು, ನೆರಳಾಗ ಒಣಗಸ್ರಿ. ಬೋರ್ ನೀರಿನ ಬಿಳಿ ಕಲಿಗೂ ಇದೇ ವಿನೆಗರ್ ಸಾಕು. ಕಡೀ ಸಲ ಫಿಲ್ಟರ್ ನೀರಿಲೆ ತೊಳದ್ರ ಕಲಿ ತಿರುಗಿ ಕೂಡಂಗಿಲ್ಲ. ತಂತಿ ಬ್ರಶ್, ಥಿನ್ನರ್, ಉಗುರುಬಣ್ಣ ತೆಗೆಯೋ ಎಣ್ಣಿ ಹತ್ರನೂ ತರಬ್ಯಾಡ್ರಿ.

ಬ್ಲೇಡ್45:
ಎಷ್ಟು ತೊಳೆದರೂ ಬ್ಲೇಡ್ ಮೊಂಡಾಗಿದ್ದರೆ ಎಳೆ ಮತ್ತೆ ಕೂರುತ್ತದೆ. ಹರಿತವಾದ ಬ್ಲೇಡ್ ನೂಲನ್ನು ಕಡಿಯುತ್ತದೆ. ಮೊಂಡು ಬ್ಲೇಡ್ ಅದನ್ನು ಮ್ಯಾಟಿನೊಳಗೆ ತುರುಕುತ್ತದೆ. ಸೀಳಿನ ನಡುವೆ ಎಳೆ ನಿಂತರೆ ಪಿವಿಸಿ ಮತ್ತೆ ಕೂಡಿಕೊಳ್ಳಲು ಜಾಗವೇ ಇರುವುದಿಲ್ಲ. ಆಮೇಲೆ ಕಟರ್ ಅದೇ ಕಾಲುವೆಗೆ ಜಾರುತ್ತದೆ, ಪಟ್ಟಿಗಳು ಸೊಟ್ಟ ಬರುತ್ತವೆ.

ಒಂದೇ ಪದರ ಕಾಟನ್ ಮೇಲೆ ಹಗುರವಾಗಿ ಉದ್ದಕ್ಕೆ ಓಡಿಸಿ ನೋಡಿ. ಸುಮಾರು 14 ಸೆಂ.ಮೀ.ಗೊಮ್ಮೆ ಒಂದೆರಡು ಎಳೆ ಕಡಿಯದೆ ಉಳಿದರೆ ಬ್ಲೇಡಿನ ಅಂಚು ಒಂದು ಕಡೆ ಮುರಿದಿದೆ ಎಂದರ್ಥ: 45 ಎಂಎಂ ಬ್ಲೇಡ್ ಒಂದು ಸುತ್ತು ಉರುಳಿದಾಗ ಸಾಗುವ ದೂರವೇ ಅಷ್ಟು. ಎಲ್ಲೆಂದರಲ್ಲಿ ಉಳಿದರೆ ಇಡೀ ಅಂಚೇ ಸವೆದಿದೆ. ಹಳೆಯ ಸೀರೆಗಳಲ್ಲಿ ಇದಕ್ಕೆ ದೊಡ್ಡ ಕಾರಣ ಜರಿ, ಮರೆತುಬಿಟ್ಟ ಗುಂಡುಪಿನ್ನು. ಜರಿ ಅಂಚನ್ನು ಮೊದಲೇ ಕತ್ತರಿಯಿಂದ ಬೇರೆ ಮಾಡಿ.

ಬ್ಲೇಡ್ ವಾಲಿಸಿ ಹಿಡಿದರೆ ಮ್ಯಾಟಿನಿಂದ ಹಸಿರು ಸಿಪ್ಪೆ ಏಳುತ್ತದೆ, ಆ ಗಾಯ ಕೂಡುವುದಿಲ್ಲ. ವ್ಯಾಡಿಂಗನ್ನಂತೂ ಮ್ಯಾಟ್ ಮೇಲೆ ತರಲೇಬೇಡಿ. ಎಳೆಯಲ್ಲಿ ಅರ್ಧಕ್ಕರ್ಧ ಅದರದ್ದೇ ಇರುತ್ತದೆ, ದೊಡ್ಡ ಕತ್ತರಿ ಸಾಕು.

ಶಹಾಬಾದ್_ಫರಸಿ:
ಮೂಲೆಯ ವಿಷಯ. ಮ್ಯಾಟಿನ ಅಡಿ ಏನಿದೆ ನೋಡಿ. ಪಾಲಿಶ್ ಮಾಡಿದ ಶಹಾಬಾದ್ ಕಲ್ಲು ಒಳ್ಳೆಯದು, ಸಪಾಟು, ತಂಪು. ಒರಟು ಫರಸಿಯ ಉಬ್ಬುತಗ್ಗು ಕಾವಿನಲ್ಲಿ ಮ್ಯಾಟಿಗೂ ಇಳಿಯುತ್ತದೆ.

ಎದ್ದ ಮೂಲೆ ಮೇಲೆ ಬರುವಂತೆ ಕಲ್ಲಿನ ಮೇಲೆ ಹಾಸಿ, ಹೇರ್ ಡ್ರೈಯರನ್ನು ಒಂದು ಗೇಣು ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸಿ. ಬೆರಳಿಗೆ ಬೆಚ್ಚಗೆ, ಮೆತ್ತಗೆ ಅನ್ನಿಸಿದ ಕೂಡಲೇ ನಿಲ್ಲಿಸಿ, ಪ್ಲೈವುಡ್ ಇಟ್ಟು ಮೇಲೆ ತೂಕ ಹೇರಿ ರಾತ್ರಿಯಿಡೀ ಬಿಡಿ. ಮೂಲೆ ಎದ್ದಿರುವುದಷ್ಟೇ ಆದರೆ ಬಹುಪಾಲು ಕೂರುತ್ತದೆ. ನಡುವೆ ಅಲೆಯೆದ್ದ ಮ್ಯಾಟಿಗೆ ಈ ಕಸರತ್ತು ವ್ಯರ್ಥ.

ಮಾರ್ಚಿನಿಂದ ಜೂನಿನವರೆಗೆ ಆ ತಗಡಿನ ಕೋಣೆಯಲ್ಲಿ ಇಡಬೇಡಿ. ಸುತ್ತಿಡುವುದು, ಗೋಡೆಗೆ ಓರೆಯಾಗಿ ಒರಗಿಸುವುದು ಎರಡೂ ತಪ್ಪು. ಮಂಚದ ಕೆಳಗೆ ಮಲಗಿಸಿಡಿ.

ಕೌದಿ_ಕಲಬುರಗಿ:
ಬ್ಲೇಡ್ ಪರೀಕ್ಷೆ ಮಾಡಿದೆ, ಸರಿಯಾಗಿ 14 ಸೆಂ.ಮೀ.ಗೊಮ್ಮೆ ಎಳೆ ಉಳಿಯುತ್ತಿದೆ. ಬಾಲ್‌ಪೆನ್ ಗೀರುಗಳೂ ಇವೆ, ಅದಕ್ಕೆ?

ಸೂಜಿದಾರ:
ಹತ್ತಿಗೆ ಜರಾ ಸ್ಯಾನಿಟೈಸರ್ ಹಚ್ಚಿ ಒರಸ್ರಿ. ಆದ್ರ ಮೊದಲು ಮೂಲಿ ಅಂಕಿ ಮ್ಯಾಲ ನೋಡ್ರಿ, ಕೆಲವು ಮ್ಯಾಟಿನ ಅಚ್ಚು ಗೆರಿನೂ ಅದರ ಸಂಗಟನೇ ಬರ್ತದ.