ಮಳೆಗಾಲಕ್ಕೆ ಪರಿಸರಸ್ನೇಹಿ ಡೈಪರ್ ಬೇಕು, ಯಾವುದು ತರಲಿ?

ಸಾಗರದ ಅಮ್ಮ:

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ, ತೋಟದ ಮನೆ. ಮಗಳಿಗೆ ಐದು ತಿಂಗಳು. ಇಷ್ಟು ದಿನ ಹಳೆ ಪಂಚೆ, ಹಳೆ ಕಾಟನ್ ಸೀರೆಯ ಲಂಗೋಟಿಯಲ್ಲೇ ನಡೆಯುತ್ತಿತ್ತು. ಮಳೆ ಹಿಡಿದ ಮೇಲೆ ಬಟ್ಟೆ ಒಣಗುತ್ತಲೇ ಇಲ್ಲ. ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿದ್ದೇವೆ. ಆದರೂ ಬೆಳಗ್ಗೆ ಹಾಕಿದ್ದು ಸಂಜೆಗೂ ತಣ್ಣಗಿರುತ್ತದೆ, ಜೊತೆಗೆ ಹೊಗೆ ವಾಸನೆ ಬೇರೆ. ರಾತ್ರಿ ಒದ್ದೆಯಾಗಿ ಎದ್ದು ಅಳುತ್ತಾಳೆ.

ಹಾಗಾಗಿ ಡೈಪರ್ ತರಿಸೋಣ ಅಂತಿದ್ದೇನೆ. ಆನ್‌ಲೈನ್‌ನಲ್ಲಿ ನೋಡಿದರೆ ಒಂದರ ಮೇಲೆ ಬಿದಿರು, ಇನ್ನೊಂದರ ಮೇಲೆ ಸಸ್ಯಜನ್ಯ, ಮತ್ತೊಂದರ ಮೇಲೆ ಮಣ್ಣಲ್ಲಿ ಕರಗುತ್ತದೆ ಅಂತ ಇದೆ. ಬೆಲೆ ಮಾಮೂಲಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಕೊಡಲು ತಯಾರಿದ್ದೇನೆ. ಆದರೆ ನಮ್ಮ ಮನೆ ಹತ್ತಿರ ಕಸದ ಗಾಡಿ ಬರುವುದಿಲ್ಲ. ಕರಗುವ ಡೈಪರ್ ಆದರೆ ಗೊಬ್ಬರಗುಂಡಿಗೆ ಹಾಕಬಹುದಾ? ಮಗುವಿನದ್ದು ಬೆಂಕಿಗೆ ಹಾಕಬಾರದು ಅಂತ ಅತ್ತೆ ಹೇಳುತ್ತಾರೆ. ನನಗೂ ಆ ಪ್ಲಾಸ್ಟಿಕ್ ಹೊಗೆ ಬೇಡ. ಕೆಳಗಿನ ಹಳ್ಳದಲ್ಲಿ ಯಾರೋ ಎಸೆದ ಡೈಪರ್ ಊದಿಕೊಂಡು ಮರದ ಬೇರಿಗೆ ಸಿಕ್ಕಿಕೊಂಡಿದೆ. ನಮ್ಮ ಮನೆಯದು ಅಲ್ಲಿಗೆ ಹೋಗಬಾರದು.

ಮೈಸೂರು ಮಲ್ಲಿಗೆಹೂ:

ನಾವು ಬಿದಿರಿನದ್ದೇ ಬಳಸುತ್ತೇವೆ. ಮೆತ್ತಗಿದೆ, ಮಗನಿಗೆ ಗುಳ್ಳೆ ಎದ್ದಿಲ್ಲ. ಕರಗುವ ವಿಷಯ ನೋಡಲು ಹೋಗಿಲ್ಲ, ಕಸದ ಗಾಡಿಗೆ ಕೊಟ್ಟುಬಿಡುತ್ತೇವೆ. ಸೈಜ್ ಮಾತ್ರ ತೂಕ ನೋಡಿ ತಗೊಳ್ಳಿ, ತಿಂಗಳು ನೋಡಿ ಅಲ್ಲ.

ಬನಶಂಕರಿ ಅಮ್ಮ:

ಯಾವ ಬ್ರ್ಯಾಂಡ್ ತಂದರೂ ಗುಂಡಿಗೆ ಮಾತ್ರ ಹಾಕಬೇಡಿ. ಏನಕ್ಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು ಬೆಂಗಳೂರಿನಲ್ಲಿ ನಮ್ಮ ವಾರ್ಡಿನ ಒಣಕಸ ಕೇಂದ್ರದಲ್ಲಿ ಬಿಡುವಾದಾಗ ಕೆಲಸ ಮಾಡುತ್ತೇನೆ. ಮನೆಯಲ್ಲಿ ಚಿಕ್ಕ ಮಗನೂ ಇದ್ದಾನೆ. ಹಾಗಾಗಿ ಡೈಪರ್ ಕೊಳ್ಳುವ ಕಷ್ಟವೂ ಗೊತ್ತು, ಬಿಸಾಡಿದ ಮೇಲೆ ಅದು ಏನಾಗುತ್ತದೆ ಅಂತಲೂ ಗೊತ್ತು.

ಒಂದು ಹೊಸ ಡೈಪರ್ ತಗೊಂಡು, ಕೆಳಗೆ ಪೇಪರ್ ಹಾಸಿ, ಕತ್ತರಿಯಿಂದ ಉದ್ದಕ್ಕೆ ಸೀಳಿ. ಮೈಗೆ ತಾಗುವ ಹಾಳೆ ಬಟ್ಟೆ ಹಾಗೆ ಕಂಡರೂ ಮಾಮೂಲಿ ಡೈಪರ್‌ನಲ್ಲಿ ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ ನೂಲು. ಹೊರಗಡೆ ಪಾಲಿಥೀನ್. ತೊಡೆ ಹತ್ತಿರ ಎಲಾಸ್ಟಿಕ್, ಪಕ್ಕದಲ್ಲಿ ಅಂಟುಪಟ್ಟಿ. ನಡುವೆ ಮರದ ತಿರುಳು ಇರುತ್ತದೆ. ಅದನ್ನು ಕೊಡವಿ, ಪೇಪರ್ ಮೇಲೆ ಸಣ್ಣ ಬಿಳಿ ಹರಳು ಉದುರುತ್ತವೆ. ಅದು ಸೋಡಿಯಂ ಪಾಲಿಅಕ್ರಿಲೇಟ್. ನೀರು ಹಾಕಿದರೆ ಕಣ್ಣೆದುರೇ ಊದಿ ಜೆಲ್ ಆಗುತ್ತದೆ. ಆ ಜೆಲ್ ಮೇಲೆ ಒಂದು ಚಮಚ ಉಪ್ಪು ಹಾಕಿ ಕಲಸಿ, ಹಿಡಿದ ನೀರನ್ನು ಬಿಟ್ಟುಕೊಡುತ್ತದೆ. ಮೂತ್ರದಲ್ಲೂ ಲವಣ ಇರುವುದರಿಂದ ಡೈಪರ್ ಬರೀ ನೀರನ್ನು ಹಿಡಿದಷ್ಟು ಮೂತ್ರವನ್ನು ಹಿಡಿಯುವುದಿಲ್ಲ. ಈ ಹರಳನ್ನು ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದಿಂದ ಮಾಡುತ್ತಾರೆ. ಮಣ್ಣಿನಲ್ಲಿ ತುಂಬಾ ನಿಧಾನವಾಗಿ ಒಡೆಯುತ್ತದೆ. ‘ಪರಿಸರಸ್ನೇಹಿ’ ಅಂತ ಮಾರುವ ಡೈಪರ್‌ಗಳಲ್ಲೂ ಹೆಚ್ಚಿನವುಗಳ ಹೊಟ್ಟೆಯಲ್ಲಿ ಇದೇ ಇರುವುದು. ಇದಿಲ್ಲದೆ ರಾತ್ರಿಯಿಡೀ ಒಣಗಿರುವ ತೆಳು ಡೈಪರ್ ಮಾಡುವುದು ಕಷ್ಟ.

ಈಗ ಪ್ಯಾಕೆಟ್ ಮೇಲಿನ ಮಾತು. ಬಿದಿರು ಅಂದರೆ ಎಷ್ಟೋ ಸಲ ಮೈಗೆ ತಾಗುವ ಹಾಳೆ ಮಾತ್ರ ಬಿದಿರಿನ ವಿಸ್ಕೋಸ್, ಅಂದರೆ ಬಿದಿರಿನ ತಿರುಳಿನಿಂದ ಮಾಡಿದ ನೂಲು, ಉಳಿದದ್ದು ಹಾಗೇ. ಸಸ್ಯಜನ್ಯ ಅನ್ನುವುದನ್ನು ಇನ್ನೂ ಹುಷಾರಾಗಿ ಓದಬೇಕು. ಕಬ್ಬಿನ ಎಥನಾಲ್‌ನಿಂದಲೂ ಪಾಲಿಥೀನ್ ಮಾಡುತ್ತಾರೆ. ಪೆಟ್ರೋಲಿಯಂ ಉಳಿತಾಯ ಆಯಿತು, ಸರಿ. ಆದರೆ ತಯಾರಾದ ಮೇಲೆ ಅದು ಎಲ್ಲ ಪಾಲಿಥೀನ್ ಹಾಗೆಯೇ, ಮಣ್ಣಲ್ಲಿ ಕರಗಲ್ಲ. ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ಕರಗುತ್ತದೆ, ಆದರೆ ಅದಕ್ಕೆ 58 ಡಿಗ್ರಿ ಆಸುಪಾಸಿನ ಬಿಸಿ ವಾರಗಟ್ಟಲೆ ಇರಬೇಕು. ಅಂಥ ಬಿಸಿ ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ಸಿಗುತ್ತದೆ. ಮಳೆ ನೀರು ನಿಂತ ಗೊಬ್ಬರಗುಂಡಿಯಲ್ಲಿ ಎಲ್ಲಿಂದ ಬರಬೇಕು? ತಿರುಳು ಕೊಳೆತು ಹೋಗುತ್ತದೆ, ಹಾಳೆ, ಎಲಾಸ್ಟಿಕ್ ಉಳಿಯುತ್ತವೆ. ಆ ಗೊಬ್ಬರ ಅಡಿಕೆ ಬುಡಕ್ಕೆ ಹೋದಾಗ ಚೂರು ಚೂರಾಗಿ ತೋಟದ ತುಂಬಾ.

ಬೆಂಗಳೂರಿನಲ್ಲಿ ಹಸಿಕಸಕ್ಕೆ ಹಸಿರು ಡಬ್ಬ, ಒಣಕಸಕ್ಕೆ ಚೀಲ, ಪ್ಯಾಡ್ ಮತ್ತು ಡೈಪರ್‌ಗೆ ಕೆಂಪು ಡಬ್ಬ. ದುಬಾರಿ ಬಿದಿರಿನದ್ದೂ ಆ ಕೆಂಪು ಡಬ್ಬಕ್ಕೇ ಹೋಗಬೇಕು. ಆದರೆ ನಮ್ಮ ಕೇಂದ್ರದಲ್ಲಿ ಒಣಕಸದ ಚೀಲ ಬಿಚ್ಚಿದಾಗ ಹಾಲಿನ ಕವರ್‌ಗಳ ನಡುವೆ ಕಕ್ಕ ಸಮೇತ ಡೈಪರ್ ಸಿಗುತ್ತದೆ. ಕವರ್‌ಗಳಿಗೆಲ್ಲ ಮೆತ್ತಿಕೊಂಡಿರುತ್ತದೆ. ಅದನ್ನು ಬೇರ್ಪಡಿಸುವುದು ಅಲ್ಲಿ ಕೂತ ಹೆಂಗಸರು, ಕೈಯಲ್ಲಿ. ಪರಿಸರಸ್ನೇಹಿ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಮೊದಲು ನೆನಪಾಗುವುದು ಅವರ ಕೈಗಳೇ. ಕಕ್ಕವನ್ನು ಟಾಯ್ಲೆಟ್‌ಗೆ ಹಾಕಿ, ಡೈಪರನ್ನು ಬಿಗಿಯಾಗಿ ಸುತ್ತಿ, ಪೇಪರ್‌ನಲ್ಲಿ ಕಟ್ಟಿ ಬೇರೆಯಾಗಿ ಕೊಡಿ. ಯಾವ ಕಂಪನಿಯದ್ದಾದರೂ ಇಷ್ಟು ಮಾಡಲೇಬೇಕು. 2016ರ ಘನತ್ಯಾಜ್ಯ ನಿಯಮದಲ್ಲೇ ಸುತ್ತಿ ಕೊಡಬೇಕು ಅಂತ ಇತ್ತು, ಸುತ್ತಲು ಕವರನ್ನು ಕಂಪನಿಯೇ ಪ್ಯಾಕೆಟ್ ಜೊತೆ ಕೊಡಬೇಕು ಅಂತಲೂ ಇತ್ತು.

ಕೊಳ್ಳುವಾಗ ನಾನು ನೋಡುವುದು: ಸುಗಂಧ, ಲೋಷನ್ ಇರಬಾರದು. ತಿರುಳನ್ನು ಕ್ಲೋರಿನ್ ಇಲ್ಲದೆ ಬಿಳುಪು ಮಾಡಿರಬೇಕು, ಟಿಸಿಎಫ್ ಅಂತ ಬರೆದಿರುತ್ತಾರೆ. ಎಫ್‌ಎಸ್‌ಸಿ ಗುರುತಿದ್ದರೆ ಮರ ಎಲ್ಲಿಂದ ಬಂತು ಅನ್ನುವುದಕ್ಕೆ ಒಂದು ಲೆಕ್ಕ ಇದೆ ಅಂತ ಅರ್ಥ. ಗುಣಮಟ್ಟಕ್ಕೆ ನಮ್ಮದೇ ಭಾರತೀಯ ಮಾನದಂಡ ಐಎಸ್ 17509 ಇದೆ. ಯಾವ ಪದರ ಯಾವುದರಿಂದ ಅಂತ ಕಂಪನಿ ಬಿಡಿಸಿ ಹೇಳದಿದ್ದರೆ ಮೇಲ್ ಹಾಕಿ ಕೇಳಿ. ಪರಿಸರದ ಹೆಸರಲ್ಲಿ ಸುಮ್ನೆ ಹೇಳಿಕೊಳ್ಳುವುದರ ವಿರುದ್ಧ 2024ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ಹೇಳಿದ ಗುಣ ಇಡೀ ವಸ್ತುವಿನದ್ದೋ, ಒಂದು ಭಾಗದ್ದೋ ಅಂತ ತಿಳಿಸಬೇಕು.

ನನ್ನ ಮಾತು ಕೇಳುವುದಾದರೆ, ಎರಡು ಪಟ್ಟು ದುಡ್ಡು ಕೊಟ್ಟು ದಿನವಿಡೀ ಬಿದಿರಿನದ್ದು ಹಾಕುವ ಬದಲು ರಾತ್ರಿಗೆ ಮಾತ್ರ ಒಂದು ಒಳ್ಳೆ ಡೈಪರ್ ಹಾಕಿ. ಹಗಲು ಬಟ್ಟೆ. ದಿನಕ್ಕೆ ಆರು ಏಳು ಆಗುವುದು ಒಂದಕ್ಕೆ ಇಳಿದರೆ ಅದಕ್ಕಿಂತ ದೊಡ್ಡ ಉಳಿತಾಯ ಯಾವ ಪ್ಯಾಕೆಟ್ಟಿನಲ್ಲೂ ಇಲ್ಲ.

ವೇಲ್ಸ್‌ನಿಂದ ಹುಬ್ಬಳ್ಳಿ ಹುಡುಗಿ:

ಮೇಲಿನವರು ಹೇಳಿದ್ದು ಇಲ್ಲಿಗೂ ಸರಿ. ಬ್ರಿಟನ್ನಿನ ಪರಿಸರ ಏಜೆನ್ಸಿ 2008ರಲ್ಲಿ ಲೆಕ್ಕ ಹಾಕಿತ್ತು. ಎರಡೂವರೆ ವರ್ಷಕ್ಕೆ ಬಿಸಾಡುವ ಡೈಪರ್‌ನಿಂದ ಸುಮಾರು 550 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮನಾದ ಅನಿಲ, ಬಟ್ಟೆಯದ್ದರಿಂದ ಸುಮಾರು 570. ಬಟ್ಟೆಯದ್ದೇ ಜಾಸ್ತಿ ಅಂತ ನೋಡಿ ಗಾಬರಿ ಆಗಬೇಡಿ. ಅದು ವಾಷಿಂಗ್ ಮಷೀನ್, ಡ್ರೈಯರ್‌ಗಳ ಕರೆಂಟೂ ಸೇರಿದ ಲೆಕ್ಕ. ಹಗ್ಗದ ಮೇಲೆ ಒಣಗಿಸಿ, ಮಷೀನ್ ತುಂಬಿಸಿ ತೊಳೆದು, ಎರಡನೇ ಮಗುವಿಗೂ ಬಳಸಿದರೆ ಸುಮಾರು 200 ಕಿಲೋ ಇಳಿಯುತ್ತದೆ ಅಂತ ಅದೇ ವರದಿ ಹೇಳಿದೆ. 2023ರ ಹೊಸ ಲೆಕ್ಕದಲ್ಲಂತೂ ಬಟ್ಟೆಯದ್ದು ಸುಮಾರು 25% ಕಮ್ಮಿ.

ನಮ್ಮ ವೇಲ್ಸ್‌ನಲ್ಲಿ ಕೆಲವು ಊರುಗಳಲ್ಲಿ ಡೈಪರನ್ನು ಬೇರೆಯಾಗಿ ಸಂಗ್ರಹಿಸುತ್ತಾರೆ. ತೊಳೆದು ತೆಗೆದ ನಾರನ್ನು ಡಾಂಬರಿಗೆ ಸೇರಿಸಿ ಕಾರ್ಡಿಗನ್ ಮತ್ತು ಅಬರಿಸ್ಟ್ವಿತ್ ಊರುಗಳ ನಡುವಿನ ಎ487 ರಸ್ತೆಯ ಒಂದು ಭಾಗಕ್ಕೆ ಹಾಕಿದ್ದಾರೆ. 1 ಲಕ್ಷಕ್ಕೂ ಜಾಸ್ತಿ ಡೈಪರ್ ಅದಕ್ಕೆ ಹೋಗಿವೆ. ನಮ್ಮೂರ ಕಡೆಯೂ ಇಂಥದ್ದು ಬರಲಿ ಅಂತ ನನಗೆ ತುಂಬಾ ಆಸೆ.

ಸಾಗರದ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಡೈಪರ್ ಸೀಳಿ ನೋಡಿದೆ. ಉಪ್ಪು ಹಾಕಿದಾಗ ನೀರು ಬಿಟ್ಟಿದ್ದನ್ನು ಅತ್ತೆಯೂ ನೋಡಿದರು. ಗುಂಡಿಗೆ ಹಾಕುವ ಯೋಚನೆ ಬಿಟ್ಟೆವು. ಆದರೆ ದಿನಕ್ಕೆ ಒಂದಾದರೂ ಎಲ್ಲಿಗೆ ಕೊಡಲಿ? ಮತ್ತೆ ಹಗಲಿನ ಬಟ್ಟೆ ಒಣಗಿಸುವುದು ಹೇಗೆ?

ಬನಶಂಕರಿ ಅಮ್ಮ:

ಪಂಚಾಯಿತಿಯಲ್ಲಿ ‘ಸ್ವಚ್ಛ ಸಂಕೀರ್ಣ’ ಇದೆಯಾ ಕೇಳಿ. ರಾಜ್ಯದ ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ಕಸ ವಿಂಗಡಿಸುವ ಈ ಘಟಕ ಇದೆ. ಸಂಜೀವಿನಿ ಸ್ವಸಹಾಯ ಗುಂಪಿನ ಹೆಂಗಸರೇ ಗಾಡಿ ಓಡಿಸುತ್ತಾರೆ. ಗಾಡಿ ನಿಮ್ಮ ಮನೆವರೆಗೆ ಬರದಿದ್ದರೂ ಮುಖ್ಯ ರಸ್ತೆಗೆ ಯಾವ ದಿನ ಬರುತ್ತದೆ ಅಂತ ಗೊತ್ತಾದರೆ ಸಾಕು. ಡೈಪರ್ ತಗೊಳ್ಳುತ್ತಾರಾ ಅಂತ ಮೊದಲೇ ಕೇಳಿಕೊಂಡು, ಕಕ್ಕ ತೆಗೆದು ಸುತ್ತಿದ್ದನ್ನು ಮುಚ್ಚಳದ ಬಕೆಟ್ಟಿನಲ್ಲಿ ಒಟ್ಟು ಮಾಡಿ ಕೊಡಿ. ನಾಯಿ ಎಳೆಯದ ಹಾಗೆ ಬಕೆಟ್ ಎತ್ತರದಲ್ಲಿಡಿ.

ಬಟ್ಟೆಗೆ ದಪ್ಪ ಹೊಲಿದ ಪ್ಯಾಡ್ ಬೇಡ, ಅದು ಮಳೆಯಲ್ಲಿ ಒಣಗುವುದೇ ಇಲ್ಲ. ನಿಮ್ಮ ಪಂಚೆ ಬಟ್ಟೆಯೇ ಒಳ್ಳೆಯದು. ಬಿಡಿಸಿ ಒಂದೇ ಪದರವಾಗಿ ಹರವಿದರೆ ಬೇಗ ಆರುತ್ತದೆ. ಅದನ್ನೇ ಮಡಚಿ, ಮೇಲೆ ನೀರು ಹೊರಬಾರದ ಒಂದು ಕವರ್ ಹಾಕಿ. ಬಂಪಡಮ್, ಸೂಪರ್‌ಬಾಟಮ್ಸ್ ಥರದ ಬಟ್ಟೆ ಡೈಪರ್ ಕಂಪನಿಗಳಲ್ಲಿ ಕವರ್ ಸಿಗುತ್ತವೆ. ಪ್ರತಿ ಸಲ ಕವರ್ ಒಗೆಯಬೇಕಿಲ್ಲ, ಕಕ್ಕ ತಾಗದಿದ್ದರೆ ಒರೆಸಿ ಮತ್ತೆ ಹಾಕಬಹುದು.

ಸಾಗರದ ಅಮ್ಮ:

ಸಂಜೀವಿನಿ ಗುಂಪಿನಲ್ಲಿ ನಮ್ಮ ಓರಗಿತ್ತಿಯೇ ಇದ್ದಾಳೆ, ಕೇಳಿದೆ. ಗಾಡಿ ಶನಿವಾರ ಶಾಲೆ ಹತ್ತಿರ ನಿಲ್ಲುತ್ತದಂತೆ. ಡೈಪರ್ ತಗೊಳ್ಳುತ್ತಾರಂತೆ, ಆದರೆ ಯಾರೂ ಬೇರೆ ಮಾಡಿ ಕೊಡುವುದಿಲ್ಲ ಅಂತ ಬೇಜಾರು ಮಾಡಿಕೊಂಡಳು. ಕವರ್ ಆರ್ಡರ್ ಮಾಡುವ ಮುಂಚೆ ಒಂದು ಕೇಳಬೇಕಿತ್ತು: ಆರೂವರೆ ಕಿಲೋ ಮಗುವಿಗೆ ಒಂದೇ ಅಳತೆಯದ್ದು ಸಾಕಾ, ಚಿಕ್ಕದು ಬೇರೆ ಬೇಕಾ?

ಬನಶಂಕರಿ ಅಮ್ಮ:

ಬಟನ್ ಹಾಕಿ ಅಳತೆ ಬದಲಿಸುವಂಥದ್ದು ತಗೊಳ್ಳಿ, ಸಾಕು. ತೊಡೆ ಹತ್ತಿರ ಒಂದು ಬೆರಳು ಆಡುವಷ್ಟು ಜಾಗ ಇರಲಿ.