ಅಂಬಾಸಿಡರ್ ಡಿಸ್ಟ್ರಿಬ್ಯೂಟರ್ ಒಳಗಿನ ವೈರ್ ಯಾವ ಕಡೆಯಿಂದ ಬರಬೇಕು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕಮಗಳೂರು. ಮನೆಯ ಹಳೇ ಪೆಟ್ರೋಲ್ ಅಂಬಾಸಿಡರ್, 1489 ಸಿಸಿ ಇಂಜಿನ್. ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿ ಕ್ಲೀನ್ ಮಾಡಿ, ಹೊಸ ಪಾಯಿಂಟ್ಸ್ (ಕಾಯಿಲ್‌ನ ಕರೆಂಟ್ ಕಡಿದು ಜೋಡಿಸುವ ಸ್ವಿಚ್), ಅದರ ಕಿಡಿ ತಗ್ಗಿಸುವ ಕಂಡೆನ್ಸರ್ ಹಾಕುತ್ತಿದ್ದೇನೆ. ಪ್ಲಗ್ ವೈರ್‌ಗಳ ಚಿಂತೆ ಇಲ್ಲ. ಸಿಲಿಂಡರ್‌ಗಳಿಗೆ ಸ್ಪಾರ್ಕ್ ಹೋಗುವ ಸರದಿ 1-3-4-2, ಒಳಗಿನ ರೋಟರ್ ಗಡಿಯಾರಕ್ಕೆ ಉಲ್ಟಾ ತಿರುಗುತ್ತದೆ, ಅಲ್ವಾ?

ತಲೆನೋವು ಒಳಗಿನ ಸಣ್ಣ ವೈರ್‌ನದ್ದು. ಕಾಯಿಲ್‌ನಿಂದ ಬರುವ ವೈರ್, ಕಂಡೆನ್ಸರ್ ವೈರ್ ಎರಡೂ ಪಾಯಿಂಟ್ಸ್ ಸ್ಪ್ರಿಂಗ್‌ಗೆ ತಾಗಬೇಕು, ಆ ಸ್ಪ್ರಿಂಗ್ ಕೂರುವ ಕಂಬಕ್ಕೆ ಮಾತ್ರ ತಾಗಬಾರದು. ತಾಗಿದರೆ ಅರ್ತ್ ಆಗಿ ಸ್ಪಾರ್ಕೇ ಬರುವುದಿಲ್ಲ. ಅದಕ್ಕೇ ಟೋಪಿಯಂಥ ಪ್ಲಾಸ್ಟಿಕ್ ಬುಷ್ ಇದೆ. ಎರಡು ವೈರ್‌ಗಳ ರಿಂಗನ್ನೂ ಬುಷ್ ಕೊಳವೆಗೆ ಪೋಣಿಸಿ, ಸ್ಪ್ರಿಂಗ್ ಮೇಲೆ ಕೂರಿಸಿ ನಟ್ ಬಿಗಿದಿದ್ದೇನೆ.

ಈಗ ಪ್ರಶ್ನೆ. ಇಂಜಿನ್‌ನ ವ್ಯಾಕ್ಯೂಮ್ ಎಳೆದಾಗ ಪಾಯಿಂಟ್ಸ್ ಕೂತಿರುವ ಪ್ಲೇಟ್ ತಿರುಗುತ್ತದೆ. ವೈರ್ ಬಿಗಿಯಾದರೆ ಒಳಗೇ ತುಂಡಾಗುತ್ತದೆ, ಸಡಿಲ ಜಾಸ್ತಿಯಾದರೆ ಮಧ್ಯೆ ತಿರುಗುವ ಕ್ಯಾಮ್‌ಗೆ ಉಜ್ಜುತ್ತದೆ. ಬಾಡಿ ಗೋಡೆಗೆ ಅಂಟಿದಂತೆ ಸುತ್ತು ಹಾಕಿ ತರಬೇಕೋ, ನೇರವಾಗಿ ಕಂಬದ ಬಳಿಗೆ ತರಬೇಕೋ? ಪ್ಲೇಟ್‌ನ ಅರ್ತ್ ವೈರ್ ಅದಕ್ಕೆ ಅಡ್ಡ ಬರುವುದಿಲ್ಲವೇ?

ಕ್ಯಾಪ್ ತೆಗೆದು ಮೇಲಿನಿಂದ ತೆಗೆದ ಫೋಟೋ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಹಾಕಿ. ಎಲೆಕ್ಟ್ರಾನಿಕ್ ಕಿಟ್ ಹಾಕಿಸಿ ಅಂತ ಮಾತ್ರ ಹೇಳಬೇಡಿ, ಪಾಯಿಂಟ್ಸ್ ಇರಲಿ ಅನ್ನುವುದು ಅಪ್ಪನ ಹಟ. ಪಾಯಿಂಟ್ಸ್ ಗ್ಯಾಪ್ 0.4 ಮಿಮೀ ಇಟ್ಟಿದ್ದೇನೆ. ಹಾಸನದಲ್ಲಿ ಈ ಕೆಲಸ ಬಲ್ಲ ಹಳೇ ಮೆಕ್ಯಾನಿಕ್ ಇದ್ದರೂ ತಿಳಿಸಿ.